ಬೈಪಾಸ್ ಆದ ಮೇಲೆ ಹಿರಿಯರಿಗೆ ಬರುವ ಡೆಲಿರಿಯಂ: ಔಷಧಿ ಬಿಟ್ಟು ಮನೆಯವರು ಏನೇನು ಮಾಡಬಹುದು?

ಹೊಳಲ್ಕೆರೆಯವ

ಎಲ್ಲರಿಗೂ ನಮಸ್ಕಾರ. ಅಪ್ಪಾಜಿಗೆ 74 ವರ್ಷ. ಮೂರು ರಕ್ತನಾಳದಲ್ಲಿ ಬ್ಲಾಕ್ ಇದೆ, ಇನ್ನು ಮೂರು ವಾರಕ್ಕೆ ಬೆಂಗಳೂರಲ್ಲಿ ಬೈಪಾಸ್. ಸಕ್ಕರೆ ಕಾಯಿಲೆ ಹಳೇದು. ಎಡಗಿವಿ ಮಂದ, ಬಲಗಿವಿ ಪರವಾಗಿಲ್ಲ. ಹಿಯರಿಂಗ್ ಏಡ್ ಕೊಡಿಸಿದ್ದೀವಿ, ಆದರೆ ಅದು ಡಬ್ಬಿಯಲ್ಲೇ ಇದೆ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ, ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ನಿದ್ದೆ ಬರದ ದಿನ ಮಾತ್ರೆ ತಗೊಳ್ತಾರೆ.

ವಯಸ್ಸು, ಸಕ್ಕರೆ, ಕಿವಿ ಮೂರೂ ಇರೋದರಿಂದ ಆಪರೇಶನ್ ಆದ ಮೇಲೆ ಎರಡು ಮೂರು ದಿನ ಗೊಂದಲ ಆಗಬಹುದು, ಬಡಬಡಿಸಬಹುದು, ಇದಕ್ಕೇ ಡೆಲಿರಿಯಂ ಅನ್ನೋದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ತಡೆಯೋಕೆ ನಂಬಿಕಸ್ಥ ಮಾತ್ರೆ ಅಂತ ಇಲ್ಲ, ಆರೈಕೆಯಿಂದಲೇ ತಡೀಬೇಕು ಅಂದರು. ಆ ಆರೈಕೆ ಅಂದರೆ ನಿಖರವಾಗಿ ಏನು? ಈ ಮೂರು ವಾರದಲ್ಲಿ ಮನೆಯಲ್ಲಿ ಏನು ಮಾಡಬೇಕು, ಐಸಿಯುನಲ್ಲಿ ಏನು ಕೇಳಬೇಕು, ಶುರುವಾದರೆ ನಮಗೆ ಗೊತ್ತಾಗೋದು ಹೇಗೆ? ಕೆಲಸ ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

ಐಸಿಯು ಸಿಸ್ಟರ್, ದಾವಣಗೆರೆ

ನೀವು ಮೂರು ವಾರ ಮೊದಲೇ ಕೇಳಿದ್ದು ಒಳ್ಳೇದಾಯ್ತು ಅಣ್ಣಾ. ಹೆಚ್ಚಿನ ಮನೆಯವರು ಕೇಳೋದು ಆಪರೇಶನ್ ಆಗಿ ಮೂರನೇ ದಿನ, ಅಷ್ಟೊತ್ತಿಗೆ ಹಿರಿಯರು ಡ್ರಿಪ್ ಕಿತ್ತು ಹಾಕಿರ್ತಾರೆ. ಅಮೆರಿಕದ ಯೇಲ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯಕ್ಕೆ ಅಡಿಪಾಯ ಇದ್ದ ಹಾಗೆ. 70 ದಾಟಿದ 852 ಜನ ಒಳರೋಗಿಗಳು, ಹೃದಯದ ಆಪರೇಶನ್‌ನವರಲ್ಲ, ಸಾಮಾನ್ಯ ಮೆಡಿಕಲ್ ವಾರ್ಡಿನವರು. ದಿನ ವಾರ ನೆನಪಿಸೋದು, ನಿದ್ದೆ, ಓಡಾಟ, ಕನ್ನಡಕ, ಕಿವಿ, ನೀರು, ಈ ಆರನ್ನು ದಿನವೂ ನೋಡಿಕೊಂಡವರಲ್ಲಿ ಡೆಲಿರಿಯಂ ಬಂದಿದ್ದು 9.9%, ಮಾಮೂಲಿ ಆರೈಕೆಯವರಲ್ಲಿ 15%. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ: ಒಮ್ಮೆ ಶುರುವಾದವರಲ್ಲಿ ಅದೇ ಆರೈಕೆಯಿಂದ ಅದರ ತೀವ್ರತೆ ಕಡಿಮೆ ಆಗಲಿಲ್ಲ. ಅದಕ್ಕೇ ಮೊದಲೇ ಶುರು ಮಾಡ್ರಿ ಅನ್ನೋದು.

ಕಿವಿಯಿಂದ ಶುರು ಮಾಡಿ. ಮೂರು ವಾರದಲ್ಲಿ ನಿಮ್ಮ ಕೈಲಿ ಆಗೋ ದೊಡ್ಡ ಕೆಲಸ ಇದೇ. ಮೊದಲು ಇಎನ್‌ಟಿ ಹತ್ತಿರ ಎರಡೂ ಕಿವಿಯ ಗುಗ್ಗೆ ತೆಗೆಸಿ. ಆಮೇಲೆ ಏಡ್ ಅನ್ನು ಮೊದಲ ಎರಡು ದಿನ ಒಂದೊಂದು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೇ ಮಾತಾಡುವಾಗ ಹಾಕಿಸಿ. ಎರಡು ದಿನಕ್ಕೊಮ್ಮೆ ಒಂದು ಗಂಟೆ ಹೆಚ್ಚಿಸಿ. ಮೊದಲ ದಿನವೇ ಟಿವಿ ಮುಂದೆ, ಅಡುಗೆಮನೆ ಸದ್ದಿನ ನಡುವೆ ಹಾಕಿದರೆ ಪಾತ್ರೆ ಸದ್ದೆಲ್ಲ ತಲೆಗೆ ಹೊಡೆದ ಹಾಗಾಗಿ ಮತ್ತೆ ಡಬ್ಬಿಗೆ ಹಾಕ್ತಾರೆ. ಬ್ಯಾಟರಿ ನಂಬರು ನೋಡ್ಕೊಳ್ಳಿ: ಕಿವಿ ಹಿಂದೆ ಕೂರುವ ಏಡ್‌ಗೆ ಸಾಮಾನ್ಯವಾಗಿ 13 ಅಥವಾ 312 ಇರುತ್ತೆ. 13ರ ಸ್ಟಿಕ್ಕರ್ ಕಿತ್ತಳೆ ಬಣ್ಣ, 312ರದ್ದು ಕಂದು. ಸ್ಟಿಕ್ಕರ್ ಕಿತ್ತ ತಕ್ಷಣ ಹಾಕಬೇಡಿ, ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ, ಇಲ್ಲಾಂದ್ರೆ ಪೂರಾ ಶಕ್ತಿ ಬರಲ್ಲ. ಒಂದು ಪ್ಯಾಕ್ ಹೆಚ್ಚಿಗೆ ತಂದಿಡಿ. ಆಪರೇಶನ್ ಥಿಯೇಟರಿಗೆ ಏಡ್, ಕನ್ನಡಕ, ಹಲ್ಲಿನ ಸೆಟ್ ಯಾವುದನ್ನೂ ಬಿಡಲ್ಲ. ಹೆಸರು, ಐಪಿ ನಂಬರ್ (ಆಸ್ಪತ್ರೆ ಒಳರೋಗಿಗೆ ಕೊಡೋ ನಂಬರು) ಬರೆದ ಡಬ್ಬಿಯಲ್ಲಿ ಹಾಕಿ ನಿಮ್ಮ ಹತ್ತಿರವೇ ಇಟ್ಕೊಳ್ಳಿ. ವೆಂಟಿಲೇಟರ್ ಪೈಪ್ ತೆಗೆದ ದಿನವೇ ಐಸಿಯು ಒಳಗೆ ಕೊಟ್ಟು, ತಗೊಂಡ ಸಿಸ್ಟರ್ ಹೆಸರು ಬರೆದಿಟ್ಟುಕೊಳ್ಳಿ. ಎಷ್ಟೋ ಏಡ್‌ಗಳು ಬೆಡ್‌ಶೀಟ್ ಜೊತೆ ಲಾಂಡ್ರಿಗೆ ಹೋಗ್ತವೆ.

ಒಂದು ಹಾಳೆ ಪರಿಚಯ. ಎ4 ಹಾಳೆ, ದಪ್ಪ ಅಕ್ಷರ, ಎರಡು ಪ್ರತಿ. ಒಂದು ಫೈಲಿಗೆ, ಒಂದು ಮಂಚದ ತಲೆಯ ಕಡೆ. ಮನೆಯಲ್ಲಿ ಅವರನ್ನು ಏನಂತ ಕರೀತೀರಿ, ಯಾವ ಕಿವಿ ಚೆನ್ನಾಗಿ ಕೇಳುತ್ತೆ, ಕನ್ನಡಕ ದೂರಕ್ಕೋ ಹತ್ತಿರಕ್ಕೋ, ಎಷ್ಟೊತ್ತಿಗೆ ಏಳ್ತಾರೆ, ಎಷ್ಟೊತ್ತಿಗೆ ಮಲಗ್ತಾರೆ, ಯಾವ ಮಗ್ಗುಲಿಗೆ, ದಿನಾ ಹೊರಕಡೆ ಹೋಗೋ ಹೊತ್ತು, ಹೊಲದ ಕೆಲಸ ಏನು, ಮೊಮ್ಮಕ್ಕಳ ಹೆಸರು. ಐಸಿಯುಗಳಲ್ಲಿ ಕೇರಳದ, ಈಶಾನ್ಯದ ಸಿಸ್ಟರುಗಳು ತುಂಬಾ ಜನ. ಕನ್ನಡ ಕಲಿತಿರ್ತಾರೆ, ಆದರೆ ನಮ್ಮ ಕಡೆ ಮಾತು ಪಕ್ಕನೆ ಹತ್ತಲ್ಲ. ಅಪ್ಪಾಜಿ ಬಾಯಲ್ಲಿ ಬರೋ ಮಾತನ್ನೇ ಹಾಗೇ ಬರೀರಿ: ದಮ್ಮು ಬರ್ತೈತಿ, ಹೊಟ್ಟಿ ತೊಳಸ್ತೈತಿ, ಉಚ್ಚೆ ಬಂದೈತಿ, ಬಾಯಿ ಒಣಗೈತಿ, ತಲೆ ತಿರುಗ್ತೈತಿ, ಬೆನ್ನು ಹಿಡಿದೈತಿ. ಒಂದೊಂದರ ಎದುರಿಗೆ ಇಂಗ್ಲಿಷಲ್ಲಿ ಅರ್ಥ. ಹದಿನೈದು ಇಪ್ಪತ್ತು ಸಾಲು ಸಾಕು. ಹಿರಿಯರು ಹೇಳಿದ್ದು ಎದುರಿನವರಿಗೆ ಅರ್ಥ ಆಗದಿದ್ದಾಗಲೇ ಹೆದರಿಕೆ ಶುರುವಾಗೋದು.

ಎಚ್ಚರ ಆಗೋ ಹೊತ್ತಿನ ತಾಲೀಮು. ಆಪರೇಶನ್ ಮುಗಿದು ಕಣ್ಣು ಬಿಟ್ಟಾಗ ಬಾಯಲ್ಲಿ ಪೈಪ್ ಇರುತ್ತೆ, ಮಾತು ಬರಲ್ಲ, ಪೈಪ್ ಎಳೆಯದಿರಲಿ ಅಂತ ಕೆಲವು ಕಡೆ ಕೈ ಸಡಿಲವಾಗಿ ಕಟ್ಟಿರ್ತಾರೆ, ಕುತ್ತಿಗೆ, ಎದೆ, ಮೂತ್ರಕ್ಕೆಲ್ಲ ಪೈಪ್. ಇದು ಗೊತ್ತಿಲ್ಲದೆ ಎದ್ದವರಿಗೆ ಯಾರೋ ಹಿಡಿದು ಕಟ್ಟಿಹಾಕಿದಾರೆ ಅನ್ನಿಸುತ್ತೆ, ಆ ಭಯವೇ ಆಮೇಲೆ ಭ್ರಮೆಗೆ ದಾರಿ. ಮನೆಯಲ್ಲೇ ನಾಲ್ಕೈದು ಸಲ ಹೇಳಿ, ಕೈ ಹಿಡಿದು ಅಭ್ಯಾಸ ಮಾಡಿಸಿ: ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಇದನ್ನೂ ಪರಿಚಯದ ಹಾಳೆಯಲ್ಲಿ ಬರೆದಿಡಿ.

ನಿದ್ದೆ. ಆಪರೇಶನ್ ಆದ ಮೊದಲ ರಾತ್ರಿ ನಿದ್ದೆ ಕೇಳೋಕೆ ಹೋಗಬೇಡಿ. ಪ್ರತಿ ಗಂಟೆ ಶುಗರ್, ಡ್ರೈನ್ (ಎದೆಯ ಪೈಪಿನಿಂದ ಬರೋ ದ್ರವ) ಅಳತೆ, ರಕ್ತ ಪರೀಕ್ಷೆ ಎಲ್ಲ ಆಗಲೇಬೇಕು. ಎರಡನೇ ರಾತ್ರಿಯಿಂದ ರೌಂಡ್ಸ್‌ನಲ್ಲಿ ವಿನಯವಾಗಿ ಕೇಳಬಹುದಾದ್ದು ಇಷ್ಟು: ರಾತ್ರಿ 11ರಿಂದ ಬೆಳಗಿನ 4ರವರೆಗೆ ಸ್ಪಂಜಿಂಗ್, ಡ್ರೆಸ್ಸಿಂಗ್, ಎಕ್ಸ್‌ರೇ ಇಡದೆ, ಮಾಡಲೇಬೇಕಾದ ಕೆಲಸಗಳನ್ನು ಒಂದೇ ಸಲ ಮುಗಿಸೋಕೆ ಆಗುತ್ತಾ? ಮಣಿಕಟ್ಟಿನ ಆರ್ಟೀರಿಯಲ್ ಲೈನ್ (ರಕ್ತನಾಳದೊಳಗೆ ಹಾಕಿದ ಸಣ್ಣ ಪೈಪ್) ಚೆನ್ನಾಗಿ ಬಿಪಿ ತೋರಿಸ್ತಿದ್ದರೆ ತೋಳಿನ ಪಟ್ಟಿ ಹದಿನೈದು ನಿಮಿಷಕ್ಕೊಮ್ಮೆ ಉಬ್ಬೋದನ್ನು ನಿಲ್ಲಿಸಬಹುದಾ? ನಿದ್ದೆ ಹತ್ತಿದ ಮನುಷ್ಯನ ತೋಳು ಹಿಂಡಿದ ಹಾಗೆ ಆಗುತ್ತೆ ಅದು. ಅಲಾರಂ ಮಿತಿ ರೋಗಿಗೆ ತಕ್ಕ ಹಾಗೆ ಹಾಕಬಹುದಾ? ಎದೆಗೆ ಅಂಟಿಸಿದ ಇಸಿಜಿ ಸ್ಟಿಕ್ಕರ್ ಒಣಗಿದರೆ ಸುಳ್ಳು ಅಲಾರಂ ಹೊಡೆಯುತ್ತೆ, ದಿನಾ ಬದಲಿಸಿದರೆ ಅರ್ಧ ತೊಂದರೆ ತಪ್ಪುತ್ತೆ. ಲೈಟು ಆರಿಸಿ, ಕಣ್ಣಿಗೆ ಬಟ್ಟೆಯ ಪಟ್ಟಿ. ಇದನ್ನೂ ಮನೆಯಲ್ಲೇ ಹಾಕಿ ನೋಡಲಿ. ಕಿವಿಗೆ ಫೋಮ್ ಪ್ಲಗ್ ಹಾಕಿದರೆ ಐಸಿಯುನಲ್ಲಿ ಗೊಂದಲ ಕಡಿಮೆ ಅನ್ನೋದಕ್ಕೆ ಅಧ್ಯಯನಗಳಿವೆ. ಆದರೆ ನಿಮ್ಮ ತಂದೆಗೆ ಆಗಲೇ ಕಿವಿ ಮಂದ, ಎರಡೂ ಕಿವಿ ಮುಚ್ಚಿದರೆ ಗಾಬರಿ ಆಗಬಹುದು. ಅವರಿಗೆ ರಾತ್ರಿ ಏಡ್ ತೆಗೆದರೇ ಸಾಕು, ಬೆಳಗ್ಗೆ ಎದ್ದ ಕೂಡಲೇ ಹಾಕಬೇಕು.

ಹಗಲು ಇದರ ಉಲ್ಟಾ. ಪರದೆ ತೆಗೆದು ಬೆಳಕು ಮುಖಕ್ಕೆ ಬೀಳಬೇಕು, ಬೆನ್ನು ಎತ್ತರಿಸಿ ಕೂರಿಸಬೇಕು. ಮಧ್ಯಾಹ್ನದ ನಿದ್ದೆ ಮುಕ್ಕಾಲು ಗಂಟೆ, ಮೂರರ ಒಳಗೆ ಮುಗಿಯಬೇಕು. ಕಿಟಕಿ ಪಕ್ಕದ ಬೆಡ್ ಖಾಲಿ ಇದೆಯಾ ಅಂತ ಕೇಳೋದರಲ್ಲಿ ತಪ್ಪಿಲ್ಲ.

ಪೈಪ್‌ಗಳು. ಪ್ರತಿದಿನ ಒಂದು ಪ್ರಶ್ನೆ: ಇವತ್ತು ಯಾವುದು ತೆಗೀಬಹುದು? ಮೂತ್ರದ ಕ್ಯಾತಿಟರ್ ಬೇಡವಾದ ಮೇಲೂ ಇದ್ದರೆ ಉರಿ, ಸೋಂಕು, ಎದ್ದು ಹೋಗಬೇಕು ಅನ್ನೋ ಚಡಪಡಿಕೆ. ತೆಗೆದ ಮೇಲೆ ಆರು ಗಂಟೆಯೊಳಗೆ ಮೂತ್ರ ಹೋಯ್ತಾ ಅಂತಲೂ ನೋಡಬೇಕು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರೋ ಗಂಡಸರಲ್ಲಿ ಮೂತ್ರ ಕಟ್ಟಿ ಹೊಟ್ಟೆ ಉಬ್ಬಿರೋದೇ ಎಷ್ಟೋ ಸಲ ಗಲಾಟೆಗೆ ಕಾರಣ, ಅದು ಗೊತ್ತಾಗದೆ ನಿದ್ದೆ ಇಂಜೆಕ್ಷನ್ ಹಾಕಿದರೆ ಪರಿಸ್ಥಿತಿ ಇನ್ನೂ ಕೆಡುತ್ತೆ. ಮಲಬದ್ಧತೆಯೂ ಹಾಗೇ. ಎರಡು ದಿನ ಆಗದಿದ್ದರೆ ಹೇಳಿ.

ಫಿಸಿಯೋ, ಚಿತ್ರದುರ್ಗ

ಸಿಸ್ಟರ್ ಬರೆದದ್ದಕ್ಕೆ ಓಡಾಟದ ಭಾಗ ಸೇರಿಸ್ತೀನಿ. 2009ರಲ್ಲಿ ವೆಂಟಿಲೇಟರ್ ಮೇಲಿದ್ದ 104 ಜನರ ಅಧ್ಯಯನ ಬಂತು (ಇವರೂ ಹೃದಯ ಆಪರೇಶನ್‌ನವರಲ್ಲ). ಮೊದಲ ದಿನಗಳಿಂದಲೇ ಕೂರಿಸಿ, ನಿಲ್ಲಿಸಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳೋ ಹಾಗೆ ಮಾಡಿದವರಲ್ಲಿ ಡೆಲಿರಿಯಂ ಇದ್ದದ್ದು ಸರಾಸರಿ ಎರಡು ದಿನ, ಉಳಿದವರಲ್ಲಿ ನಾಲ್ಕು. ಬೈಪಾಸ್ ನಂತರ ತೊಂದರೆ ಇಲ್ಲದವರಲ್ಲಿ ಸಾಮಾನ್ಯ ಕ್ರಮ ಹೀಗಿರುತ್ತೆ: ಮರುದಿನ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಐದು ಹತ್ತು ನಿಮಿಷ, ಆಮೇಲೆ ಕುರ್ಚಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ. ಎರಡನೇ ದಿನ ಮಂಚದ ಸುತ್ತ, ವಾರ್ಡಿನಲ್ಲಿ ಸ್ವಲ್ಪ ದೂರ, ದಿನಕ್ಕೆ ಎರಡು ಮೂರು ಸಲ. ನಂತರ ಕಾರಿಡಾರ್. ಊಟ ಕುರ್ಚಿಯಲ್ಲೇ ಆಗಲಿ. ಮಲಗಿದಲ್ಲೇ ಮೂರು ಹೊತ್ತು ಉಂಡರೆ ಹಗಲು ರಾತ್ರಿ ಎಲ್ಲ ಒಂದೇ ಆಗಿಬಿಡುತ್ತೆ.

ಮನೆಯವರು ಹೆಚ್ಚು ತಪ್ಪು ಮಾಡೋದು ಎಬ್ಬಿಸುವಾಗ. ಕಂಕುಳಿಗೆ ಕೈ ಹಾಕಿ ಎತ್ತಬಾರದು, ಕೈ ಹಿಡಿದು ಎಳೀಬಾರದು. ಎದೆಮೂಳೆಯನ್ನು ತಂತಿಯಲ್ಲಿ ಹೊಲಿದಿರ್ತಾರೆ, ಎಳೆದರೆ ನೋವು, ನೋವಿನ ಹೆದರಿಕೆಗೆ ಮತ್ತೆ ಏಳಲ್ಲ. ಸರಿಯಾದ ಕ್ರಮ: ಎರಡೂ ಮಂಡಿ ಮಡಚಿ, ಎದೆಗೆ ದಿಂಬು ಅಪ್ಪಿಕೊಂಡು, ಭುಜ ಸೊಂಟ ಒಟ್ಟಿಗೆ ಪಕ್ಕಕ್ಕೆ ಹೊರಳೋದು. ಕಾಲು ಮಂಚದಿಂದ ಕೆಳಗೆ ಬಿಡುವಾಗ ನೀವು ಬೆನ್ನ ಹಿಂದೆ, ಭುಜದ ಮೂಳೆಯ ಹತ್ತಿರ ಅಂಗೈ ಕೊಟ್ಟು ಮೇಲಕ್ಕೆ ತರೋದು. ಕೂತು ಒಂದೆರಡು ನಿಮಿಷ ಬಿಟ್ಟು ನಿಲ್ಲಿಸಿ. ಕುರ್ಚಿಯಿಂದ ಏಳುವಾಗ ಕೈ ಊರದೆ, ಮುಂದೆ ಸರಿದು, ಪಾದ ಹಿಂದಕ್ಕೆ ಎಳೆದು, ತೊಡೆಯ ಬಲದಲ್ಲಿ. ಈ ಏಳೋದನ್ನು ಇವತ್ತೇ ಮನೆಯಲ್ಲಿ ಶುರು ಮಾಡಿಸಬಹುದು, ಐದೈದು ಸಲ, ದಿನಕ್ಕೆ ಎರಡು ಹೊತ್ತು. ಎದೆನೋವು, ದಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ. ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದರೆ ಮೊದಲು ಹೃದ್ರೋಗ ವೈದ್ಯರನ್ನು ಕೇಳದೆ ಯಾವ ವ್ಯಾಯಾಮವೂ ಬೇಡ.

ಮೂರು ಗೋಲಿಯ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಸಾಧನ) ಈಗಲೇ ತಂದುಕೊಳ್ಳಿ. ಊದೋದಲ್ಲ, ಎಳೀಬೇಕು. ತುಟಿ ಬಿಗಿದು ನಿಧಾನಕ್ಕೆ ಉಸಿರು ಎಳೆದು, ಗೋಲಿ ಮೇಲೆ ನಿಂತಾಗ ಎರಡು ಮೂರು ಎಣಿಸಿ ಬಿಡೋದು. ಹತ್ತು ಸಲ, ಎಚ್ಚರ ಇದ್ದಾಗ ಗಂಟೆಗೊಮ್ಮೆ. ಮೂರೂ ಗೋಲಿ ಏರಲೇಬೇಕು ಅಂತ ಜಗ್ಗಿ ಎಳೆದರೆ ತಲೆ ಸುತ್ತುತ್ತೆ, ಎರಡು ಗೋಲಿ ಹೆಚ್ಚು ಹೊತ್ತು ನಿಂತರೆ ಅದೇ ಒಳ್ಳೇದು. ಶ್ವಾಸಕೋಶದ ತಳ ಮುಚ್ಚಿಕೊಂಡರೆ ಆಮ್ಲಜನಕ ಇಳಿಯುತ್ತೆ, ಮಿದುಳಿಗೆ ಮೊದಲು ತಟ್ಟೋದು ಅದೇ.

ನಡೆಸುವಾಗ ನಿಲ್ಲಿಸಬೇಕಾದ ಗುರುತುಗಳು: ಆಮ್ಲಜನಕ 90ಕ್ಕಿಂತ ಕೆಳಗೆ, ನಾಡಿ ಇದ್ದದ್ದಕ್ಕಿಂತ 30 ಏರಿದರೆ ಅಥವಾ ತಾಳ ತಪ್ಪಿದರೆ, ಮೇಲಿನ ಬಿಪಿ 20 ಇಳಿದು ಕಣ್ಣು ಕತ್ತಲಾದರೆ, ಎದೆಮೂಳೆ ಟಕ್ ಅಂದರೆ.

ಹೊಳಲ್ಕೆರೆಯವ

ಸಿಸ್ಟರ್, ಸರ್, ಇಬ್ಬರಿಗೂ ಧನ್ಯವಾದ. ಪರಿಚಯದ ಹಾಳೆ ಇವತ್ತೇ ಬರೀತೀವಿ. ಇನ್ನೆರಡು ಕೇಳೋದಿದೆ. ನಿದ್ದೆ ಮಾತ್ರೆಯನ್ನು ಇವತ್ತಿಂದಲೇ ನಿಲ್ಲಿಸಿಬಿಡೋದಾ? ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರೆ, ದಿನಕ್ಕೆ ಏಳೆಂಟು ಸಲ. ಬಾಯಿಗೆ ಹಾಕೋದೇ ಹೊರತು ಸೇದಲ್ಲವಲ್ಲ ಅಂತ ಡಾಕ್ಟರಿಗೆ ಹೇಳಿಲ್ಲ. ಹೇಳಬೇಕಾ?

ಅರಿವಳಿಕೆ ವಿಭಾಗ

ಎರಡನ್ನೂ ನಾಳೆಯೇ ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ಇವೇ ಅತಿ ಮುಖ್ಯವಾದ ಎರಡು ವಿಷಯ.

ನಿದ್ದೆ ಮಾತ್ರೆಯ ಖಾಲಿ ಪಟ್ಟಿಯನ್ನು ಎತ್ತಿ ನೋಡಿ. ಆಲ್ಪ್ರಜೋಲಾಂ, ಕ್ಲೋನಜೆಪಾಂ, ಲೋರಜೆಪಾಂ ಅಂತ ಇದ್ದರೆ, ತಿಂಗಳಿಗೆ ಎಷ್ಟು ಪಟ್ಟಿ ಖಾಲಿ ಆಗ್ತಿದೆ ಲೆಕ್ಕ ಹಾಕಿ. 'ಆಗಾಗ' ಅಂತ ಮನೆಯವರು ಹೇಳುವಾಗ ಎಷ್ಟೋ ಸಲ ಅದು ದಿನಾ ಒಂದು ಆಗಿರುತ್ತೆ. ದಿನಾ ತಗೊಳ್ಳೋರು ಫಕ್ಕನೆ ಬಿಟ್ಟರೆ ನಡುಕ, ನಿದ್ದೆಗೇಡು, ಫಿಟ್ಸ್, ಗೊಂದಲ ಎಲ್ಲ ಬರಬಹುದು. ಮುಂದುವರಿಸಿದರೆ ಅದೇ ಮಾತ್ರೆ ಡೆಲಿರಿಯಂ ತರುವ ಪಟ್ಟಿಯಲ್ಲಿದೆ. ಆದ್ದರಿಂದ ಸ್ವಂತಕ್ಕೆ ನಿಲ್ಲಿಸಬೇಡಿ. ಹೇಗೆ, ಎಷ್ಟು ನಿಧಾನವಾಗಿ ಇಳಿಸಬೇಕು ಅನ್ನೋದನ್ನು ವೈದ್ಯರು ಬರೆದುಕೊಡ್ತಾರೆ, ಮೂರು ವಾರ ಕೈಯಲ್ಲಿರೋದರಿಂದ ಯೋಚಿಸೋಕೆ ಜಾಗ ಇದೆ. ನೆಗಡಿ ಮಾತ್ರೆ, ತುರಿಕೆ ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್, ಫೆನಿರಮೈನ್ ಥರದವೂ ವಯಸ್ಸಾದವರ ತಲೆಗೆ ಮಂಕು ಕವಿಸುತ್ತವೆ, ಮೂತ್ರ ಕಟ್ಟಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದನ್ನೂ ಸೇರಿಸಿ, ಮನೆಯಲ್ಲಿರೋ ಎಲ್ಲ ಮಾತ್ರೆಯನ್ನೂ ಒಂದು ಚೀಲದಲ್ಲಿ ಹಾಕಿ ತಗೊಂಡು ಹೋಗಿ ತೋರಿಸಿ.

ಹೊಗೆಸೊಪ್ಪಿನಲ್ಲೂ ನಿಕೋಟಿನ್ ಇದೆ. ಆಪರೇಶನ್ ದಿನ ಏಕಾಏಕಿ ನಿಂತರೆ ಒಂದೆರಡು ದಿನದಲ್ಲಿ ಸಿಡುಕು, ಚಡಪಡಿಕೆ, ನಿದ್ದೆಗೇಡು ಶುರುವಾಗುತ್ತೆ, ಡೆಲಿರಿಯಂ ಬರುವ ದಿನಗಳೂ ಅವೇ. ಈಗಲೇ ಇಳಿಸುತ್ತಾ ಬಂದು ಆಪರೇಶನ್ ಹೊತ್ತಿಗೆ ಪೂರ್ತಿ ಬಿಟ್ಟಿರಬೇಕು. ಹೇಗೆ ಅನ್ನೋದನ್ನು ಹೃದ್ರೋಗ ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಯಾರೂ ಕೇಳೋದೇ ಇಲ್ಲ, ಎಲೆ ಅಡಿಕೆ ಚೀಲ ಸೊಂಟದಲ್ಲಿರೋ ಅಜ್ಜಿಯರ ಮನೆಯವರು ದಯವಿಟ್ಟು ತಾವೇ ಹೇಳಿ. ಕುಡಿತ ಇದ್ದರೂ ಮುಚ್ಚಿಡಬೇಡಿ. ದಿನಾ ಕುಡಿಯೋರಿಗೆ ನಿಂತ ಎರಡು ಮೂರನೇ ದಿನ ಬರುವ ಗಲಾಟೆ ಬೇರೆ ಜಾತಿಯದು, ಅದಕ್ಕೆ ಚಿಕಿತ್ಸೆಯೂ ಬೇರೆ, ಗೊತ್ತಿಲ್ಲದಿದ್ದರೆ ಜೀವಕ್ಕೇ ಅಪಾಯ.

ಉಪವಾಸದ ಬಗ್ಗೆಯೂ ಕೇಳಿ. ಘನ ಆಹಾರಕ್ಕೆ ಆರು ಗಂಟೆ, ಬರೀ ನೀರಿನಂಥ ತಿಳಿ ದ್ರವಕ್ಕೆ ಎರಡು ಗಂಟೆ ಅಂತ ಅರಿವಳಿಕೆಯ ಮಾರ್ಗಸೂಚಿ ಇದೆ. 'ರಾತ್ರಿ ಹತ್ತರ ಮೇಲೆ ಏನೂ ಬೇಡ' ಅಂದು, ಅವರ ಸರದಿ ಮಧ್ಯಾಹ್ನ ಎರಡಕ್ಕೆ ಬಂದರೆ ಹಿರಿಯರು ಒಣಗಿ ಹೋಗಿರ್ತಾರೆ. ಮೊದಲನೇ ಕೇಸಾ ಎರಡನೇದಾ, ನೀರು ಎಷ್ಟೊತ್ತಿನವರೆಗೆ ಕೊಡಬಹುದು ಅಂತ ಹಿಂದಿನ ಸಂಜೆ ಕೇಳಿ. ಸಕ್ಕರೆ ಇರೋದರಿಂದ ಕೊನೆಯ ಮಾತು ನಿಮ್ಮ ಅರಿವಳಿಕೆ ವೈದ್ಯರದ್ದು.

ಮಿದುಳಿನ ತರಂಗ ನೋಡಿ ಅರಿವಳಿಕೆ ಕಡಿಮೆ ಕೊಟ್ಟರೆ ಡೆಲಿರಿಯಂ ತಪ್ಪುತ್ತಾ ಅಂತ ಕೆಲವರು ಕೇಳ್ತಾರೆ. ಕೆನಡಾದಲ್ಲಿ ಹೃದಯ ಆಪರೇಶನ್ ಆದ ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಅಧ್ಯಯನ 2024ರಲ್ಲಿ ಬಂತು, ಹಾಗೆ ಕೊಟ್ಟವರಲ್ಲೂ ಮಾಮೂಲಿಯಾಗಿ ಕೊಟ್ಟವರಲ್ಲೂ ಡೆಲಿರಿಯಂ ಬಂದಿದ್ದು ಸುಮಾರು 18%, ವ್ಯತ್ಯಾಸವೇ ಇರಲಿಲ್ಲ. ಯಂತ್ರ ಇದೆಯಾ ಅಂತ ಆಸ್ಪತ್ರೆ ಹುಡುಕುತ್ತಾ ಕೂರಬೇಡಿ. ಹಿಮೋಗ್ಲೋಬಿನ್, ಸೋಡಿಯಂ, ಬಿ12, ಥೈರಾಯ್ಡ್ ನೋಡಿಸಿ ಕೊರತೆ ಇದ್ದರೆ ಈ ಮೂರು ವಾರದಲ್ಲೇ ಸರಿಪಡಿಸಿಕೊಳ್ಳೋದು ಅದಕ್ಕಿಂತ ಉಪಯೋಗ.

ಇನ್ನೊಂದು ಕಳಕಳಿಯ ಮಾತು. ವಾರ್ಡಿಗೆ ಬಂದ ಮೇಲೆ 'ರಾತ್ರಿಯೆಲ್ಲಾ ನಿದ್ದೆ ಇಲ್ಲ, ಒಂದು ಇಂಜೆಕ್ಷನ್ ಹಾಕಿ' ಅಂತ ಮನೆಯವರೇ ಒತ್ತಾಯ ಮಾಡ್ತಾರೆ. ಮಾಡಬೇಡಿ. ನೋವಿಗೆ ಮಾತ್ರ ಸಂಕೋಚ ಇಲ್ಲದೆ ಕೇಳಿ. ತಡೆದುಕೊಂಡ ನೋವು ಕೆಮ್ಮೋಕೆ ಬಿಡಲ್ಲ, ನಡೆಯೋಕೆ ಬಿಡಲ್ಲ, ಮಲಗೋಕೂ ಬಿಡಲ್ಲ.

ಜಗಳೂರು ಮೇಷ್ಟ್ರು

ಇಷ್ಟೆಲ್ಲ ಯಾಕೆ, ಮನೆಯವರನ್ನು ಒಬ್ಬರನ್ನ ದಿನವಿಡೀ ಒಳಗೆ ಬಿಟ್ಟರೆ ಎಲ್ಲ ಸರಿಹೋಗಲ್ವಾ? ಅರ್ಧ ಗಂಟೆ ಬಿಟ್ಟು ಹೊರಗೆ ಕಳಿಸಿದರೆ ಹಿರಿಯ ಜೀವ ಹೆದರದೆ ಇರುತ್ತಾ?

ಐಸಿಯು ಸಿಸ್ಟರ್, ದಾವಣಗೆರೆ

ಮೇಷ್ಟ್ರೇ, ನಿಮ್ಮ ಮಾತಿನ ಹಿಂದಿನ ಕಾಳಜಿ ಅರ್ಥ ಆಗುತ್ತೆ. ಆದರೆ ಬ್ರೆಜಿಲ್‌ನ ಹಲವಾರು ಐಸಿಯುಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆವರೆಗೂ ಮನೆಯವರನ್ನು ಬಿಟ್ಟು ನೋಡಿದರು, 2019ರಲ್ಲಿ ಫಲಿತಾಂಶ ಬಂತು. ಮನೆಯವರ ಆತಂಕ ಕಡಿಮೆ ಆಯ್ತು, ಡೆಲಿರಿಯಂ ಮಾತ್ರ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಲದು. ಅರ್ಧ ಗಂಟೆಯೇ ಸಿಕ್ಕರೂ ಏನು ಮಾಡ್ತೀರಿ ಅನ್ನೋದು ಮುಖ್ಯ.

ಒಳಗೆ ಹೋದ ಕೂಡಲೇ ಕೈ ತೊಳೆದು, ಏಡ್, ಕನ್ನಡಕ ಹಾಕಿದ್ದಾರಾ ನೋಡಿ. ಕೇಳುವ ಕಿವಿಯ ಕಡೆ, ಅಪ್ಪಾಜಿ ವಿಷಯದಲ್ಲಿ ಬಲಗಡೆ, ಮುಖ ಕಾಣೋ ಹಾಗೆ ಕೂತು ಹೇಳಿ: 'ಅಪ್ಪಾಜಿ, ಇವತ್ತು ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ. ಬೆಂಗಳೂರು ಆಸ್ಪತ್ರೆಯಾಗೆ ಇದ್ದೀರಿ, ಆಪರೇಶನ್ ಮೊನ್ನೆ ಆತು, ಚೆನ್ನಾಗಿ ಆಗೈತಿ. ಅವ್ವ ಕೆಳಗೆ ಕುಂತೈತಿ.' ಇಷ್ಟನ್ನು ಪ್ರತಿ ಸಲವೂ. 'ನಾನ್ಯಾರು ಹೇಳು ನೋಡೋಣ, ಇವತ್ತು ಯಾವ ವಾರ ಹೇಳು' ಅಂತ ಪರೀಕ್ಷೆ ಮಾಡಬೇಡಿ. ಗೊತ್ತಾಗದಿದ್ದರೆ ಅವಮಾನ, ಆಮೇಲೆ ಸಿಟ್ಟು. ಒಬ್ಬರ ನಂತರ ಒಬ್ಬರು ಎಂಟು ಜನ ಹೋಗಿ ಕಣ್ಣೀರು ಹಾಕಿಕೊಂಡು ಬರೋದೂ ಬೇಡ. ಗೊತ್ತಿರೋ ಮುಖ ಒಂದೋ ಎರಡೋ, ದಿನಾ ಅವರೇ. ಮಂಚದ ಎದುರು ದಿನಕ್ಕೊಂದು ಹಾಳೆ ಹರಿಯೋ ದೊಡ್ಡ ಅಂಕಿಯ ಕ್ಯಾಲೆಂಡರ್ ಮತ್ತು ಮುಳ್ಳಿನ ಗಡಿಯಾರ ಇಡಬಹುದಾ ಕೇಳಿ. ಹಾಳೆಯನ್ನು ಅವರ ಕೈಯಲ್ಲೇ ಹರಿಸಿ.

ಒಳಗೆ ಬಿಡದ ಹೊತ್ತಿಗೆ ಧ್ವನಿ ರೆಕಾರ್ಡ್ ಮಾಡಿಕೊಡಿ. ಮನೆಯವರ ದನಿ ಕೇಳಿಸಿದ ಐಸಿಯುಗಳಲ್ಲಿ ಡೆಲಿರಿಯಂ ಇಲ್ಲದ ದಿನ ಹೆಚ್ಚಿದ್ದು ಕಂಡಿದೆ. ಒಂದೊಂದು ಎರಡು ನಿಮಿಷದ್ದು, ನಾಲ್ಕೈದು. ಹೆಸರು ಹಿಡಿದು ಕರೆದು, ಎಲ್ಲಿದ್ದೀರಿ, ಏನಾಗಿದೆ, ಸಿಸ್ಟರ್ ನೋಡ್ಕೊಳ್ತಾರೆ, ಸಂಜೆ ಬರ್ತೀವಿ ಅಂತ. ಆಮೇಲೆ ಊರ ಮಾತು: ಮೆಕ್ಕೆಜೋಳ ತೆನೆ ಕಟ್ಟೈತಿ, ಎಮ್ಮೆ ಕರು ಹಾಕೈತಿ, ತೋಟಕ್ಕೆ ನೀರು ಹಾಯ್ಸೀವಿ. ಸಾಲ, ಕೋರ್ಟು, ಯಾರೋ ತೀರಿಕೊಂಡ ಸುದ್ದಿ ಬೇಡ. ಹಗಲು ಮಾತ್ರ ಹಾಕಲಿ, ರಾತ್ರಿ ಹತ್ತರ ಮೇಲೆ ಬೇಡ.

ಊಟದ್ದೂ ಹೇಳಿಬಿಡ್ತೀನಿ. ಮುದ್ದೆ ಉಂಡು ಬೆಳೆದವರ ಮುಂದೆ ಎರಡು ಬ್ರೆಡ್ ಇಟ್ಟರೆ ಬದಿಗೆ ತಳ್ತಾರೆ. ಡಯಟೀಶಿಯನ್ ಹತ್ತಿರ ಮೊದಲೇ ಮಾತಾಡಿ, ರಾಗಿ ಗಂಜಿಯಾದರೂ ಬರೆಸಿಕೊಳ್ಳಿ. ಹಲ್ಲಿನ ಸೆಟ್ ಇದ್ದರೆ ಹಾಕಿಸಿಯೇ ಉಣ್ಣಿಸಿ. ಆದರೆ ಪ್ರೀತಿಗೆ ಅಂತ ಚೊಂಬುಗಟ್ಟಲೆ ಮಜ್ಜಿಗೆ, ಎಳನೀರು ಕುಡಿಸಬೇಡಿ. ಹೃದಯದ ಆಪರೇಶನ್ ಆದವರಿಗೆ ದಿನಕ್ಕೆ ಇಷ್ಟೇ ದ್ರವ ಅಂತ ಬರೆದಿರ್ತಾರೆ. ಗಂಜಿ, ಮಜ್ಜಿಗೆ, ಕಾಫಿ ಎಲ್ಲ ಆ ಲೆಕ್ಕಕ್ಕೇ ಬರುತ್ತೆ. ಬಾಯಿ ಒಣಗಿದರೆ ಒದ್ದೆ ಹತ್ತಿಯಲ್ಲಿ ತುಟಿ ಒರೆಸಿ.

ವೃದ್ಧಾಪ್ಯ ಆರೈಕೆ

ಗುರುತಿಸೋದು ಹೇಗೆ ಅಂತ ಮೊದಲ ಪ್ರಶ್ನೆಯಲ್ಲಿ ಕೇಳಿದ್ದಿರಿ, ಅದು ಬಾಕಿ ಉಳಿದಿದೆ.

ಹೆಚ್ಚಾಗಿ ಮೊದಲ ಮೂರು ದಿನದೊಳಗೆ ಬರುತ್ತೆ, ಬೆಳಗ್ಗೆ ಸರಿ ಇದ್ದು ಸಂಜೆಗೆ ಕೆಡುತ್ತೆ. ಏರಿಳಿತವೇ ಅದರ ಲಕ್ಷಣ. ಕಿರುಚಿ, ಪೈಪ್ ಎಳೆಯೋದು ಎಲ್ಲರ ಕಣ್ಣಿಗೆ ಬೀಳುತ್ತೆ. ತಪ್ಪಿಹೋಗೋದು ಸುಮ್ಮನಾಗಿಬಿಡುವ ಬಗೆ: ಕರೆದರೆ ನಿಧಾನಕ್ಕೆ ಕಣ್ಣು ಬಿಡೋದು, ಅರ್ಧ ಮಾತಿಗೆ ಮತ್ತೆ ಜೊಂಪು, ತುತ್ತು ಬಾಯಲ್ಲೇ ಇಟ್ಟುಕೊಳ್ಳೋದು. 'ಪಾಪ ಸುಸ್ತಾಗಿದಾರೆ, ಮಲಗಲಿ ಬಿಡಿ' ಅಂತ ಎಲ್ಲರೂ ಅಂದುಕೊಳ್ತಾರೆ. ವಯಸ್ಸಾದವರಲ್ಲಿ ಇದೇ ಹೆಚ್ಚು.

ಮನೆಯವರು ನೋಡಬೇಕಾದ್ದು ಗಮನ ನಿಲ್ಲುತ್ತಾ ಅನ್ನೋದನ್ನು. ಆಸ್ಪತ್ರೆಗಳಲ್ಲಿ ತಿಂಗಳ ಹೆಸರು ಹಿಂದಿನಿಂದ ಹೇಳಿಸ್ತಾರೆ. ನಾಲ್ಕನೇ ಕ್ಲಾಸು ಓದಿದವರಿಗೆ ಅದು ಮೊದಲಿಂದಲೂ ಬರದೇ ಇರಬಹುದು. ಬದಲಿಗೆ ವಾರದ ಹೆಸರು ಹಿಂದಿನಿಂದ: ಶನಿವಾರ, ಶುಕ್ರವಾರ, ಗುರುವಾರ ಅಂತ. ಅಥವಾ ಇಪ್ಪತ್ತರಿಂದ ಕೆಳಗೆ ಎಣಿಸೋದು. ಇದನ್ನು ಆಪರೇಶನ್‌ಗೆ ಮೊದಲೇ ಮನೆಯಲ್ಲಿ ಮಾಡಿಸಿ, ಎಲ್ಲಿ ತಡವರಿಸಿದರು, ಎಷ್ಟು ಹೊತ್ತು ಹಿಡೀತು ಬರೆದಿಡಿ. ಈ ಬರಹ ಇಲ್ಲದಿದ್ದರೆ ಆಮೇಲೆ ಅಳೆಯೋಕೆ ಗೆರೆಯೇ ಇರಲ್ಲ. ಮಾತಾಡಲಾಗದವರಿಗೆ, ಒಂದೊಂದೇ ಅಕ್ಷರ ಹೇಳುತ್ತಾ ಗೊತ್ತು ಮಾಡಿದ ಅಕ್ಷರ ಬಂದಾಗ ಮಾತ್ರ ಕೈ ಒತ್ತಿಸೋ ಪರೀಕ್ಷೆ ಐಸಿಯುನಲ್ಲಿ ಇದೆ. ಹತ್ತು ಅಕ್ಷರದಲ್ಲಿ ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ತಿಲ್ಲ ಅಂತ ಲೆಕ್ಕ. ಸಿಸ್ಟರ್ ಹೇಳಿದ ಹಾಗೆ ಭೇಟಿಗೆ ಹೋದಾಗೆಲ್ಲ ಪರೀಕ್ಷೆ ಬೇಡ, ದಿನಕ್ಕೊಮ್ಮೆ ಸಿಬ್ಬಂದಿ ನೋಡಲಿ. ನಿಮಗೆ 'ಇವರು ನಮ್ಮ ಅಪ್ಪಾಜಿ ಇದ್ದ ಹಾಗಿಲ್ಲ' ಅನ್ನಿಸಿದರೆ ಅದೇ ದೊಡ್ಡ ಸುಳಿವು, ಹೇಳೋಕೆ ಹಿಂಜರಿಯಬೇಡಿ.

ಬಾಯಿ ಸೊಟ್ಟ ಆಗೋದು, ಒಂದು ಕಡೆ ಕೈಕಾಲು ಸೋಲೋದು, ಮಾತು ತೊದಲೋದು ಇದ್ದರೆ ಅದನ್ನು ಡೆಲಿರಿಯಂ ಅಂತ ಬಿಡಬಾರದು. ಹೃದಯ ಆಪರೇಶನ್ ನಂತರ ಪಾರ್ಶ್ವವಾಯು ಆಗೋ ಸಾಧ್ಯತೆ ಇದೆ, ಆ ನಿಮಿಷವೇ ಕೂಗಿ ಕರೀರಿ.

ಡೆಲಿರಿಯಂ ಶುರುವೇ ಆಯ್ತು ಅಂದರೆ ಮೊದಲು ಕಾರಣ ಹುಡುಕಬೇಕು: ಆಮ್ಲಜನಕ, ಶುಗರ್ (70ಕ್ಕಿಂತ ಇಳಿದರೂ ಹೀಗೇ ಆಗುತ್ತೆ), ಸೋಡಿಯಂ, ಜ್ವರ ಸೋಂಕು, ಕಟ್ಟಿದ ಮೂತ್ರ, ನೋವು, ಹೃದಯದ ತಾಳ, ಹೊಸದಾಗಿ ಸೇರಿಸಿದ ಮಾತ್ರೆ. ಕೈಕಾಲು ಕಟ್ಟಿದರೆ ಸೆಣಸಾಟ ಹೆಚ್ಚುತ್ತೆ. ಡ್ರಿಪ್ ಇರೋ ಕೈಗೆ ಬ್ಯಾಂಡೇಜ್ ಸುತ್ತಿ ಕಣ್ಣಿಗೆ ಕಾಣದ ಹಾಗೆ ಮಾಡೋದು, ಮನೆಯವರೊಬ್ಬರು ಕೈ ಹಿಡಿದು ಕೂರೋದು ಮೇಲು. ಗೋಡೆ ಮೇಲೆ ಹಾವು ಅಂದರೆ 'ಎಲ್ಲಿದೆ ಹಾವು, ಸುಮ್ನಿರು' ಅಂತ ವಾದ ಬೇಡ, 'ಹೌದು, ಇದೆ' ಅನ್ನೋದೂ ಬೇಡ. 'ನನಗೆ ಕಾಣ್ತಿಲ್ಲ, ನಿಮಗೆ ಹೆದರಿಕೆ ಆಗ್ತೈತಿ ಅಂತ ಗೊತ್ತು, ನಾನು ಇಲ್ಲೇ ಇದೀನಿ' ಅನ್ನಿ. ದೇವರು ಮೈಮೇಲೆ ಬಂತು, ಗಾಳಿ ಸೋಕಿತು ಅಂತ ನೆಂಟರು ಹೇಳಿದರೆ ಅವರನ್ನು ಆ ಹೊತ್ತಿಗೆ ದೂರ ಇಡಿ.

ಹೊಳಲ್ಕೆರೆಯವ

ಇವತ್ತು ಸಂಜೆ ವಾರದ ಹೆಸರು ಹಿಂದಿನಿಂದ ಹೇಳಿಸಿದೆವು, ಒಂದು ಕಡೆ ತಡವರಿಸಿದರು, ಬರೆದಿಟ್ಟಿದ್ದೀವಿ. ಕೊನೆಯದಾಗಿ, ಡಿಸ್ಚಾರ್ಜ್ ಆದ ಮೇಲೆ ಬೆಂಗಳೂರಿಂದ ಇಲ್ಲಿವರೆಗೆ ಕಾರಲ್ಲಿ ಕರೆತರುವಾಗ, ಮನೆಯಲ್ಲಿ, ಏನು ನೋಡಿಕೊಳ್ಳಬೇಕು?

ಫಿಸಿಯೋ, ಚಿತ್ರದುರ್ಗ

ಹೆದ್ದಾರಿಯಲ್ಲಿ ಬೆಂಗಳೂರಿಂದ ದುರ್ಗಕ್ಕೇ ಇನ್ನೂರು ಕಿಲೋಮೀಟರ್ ಹತ್ತಿರ, ನಿಮ್ಮದು ಇನ್ನೂ ಮುಂದೆ. ಬೆಳಗ್ಗೆ ತಿಂಡಿ, ಮಾತ್ರೆ ಆದ ಮೇಲೆ ಹೊರಟು ಬೆಳಕಿದ್ದಾಗಲೇ ಮನೆ ಸೇರಿ. ಕತ್ತಲಲ್ಲಿ ಬಂದಿಳಿದರೆ ಸ್ವಂತ ಮನೆಯೂ ಗುರುತು ಹತ್ತದೆ ಗಾಬರಿ ಆಗುತ್ತೆ. ಒಂದರಿಂದ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಸಿ, ಮೂತ್ರಕ್ಕೆ ಕಳಿಸಿ. ಹಿಂದಿನ ಸೀಟು, ಬೆಲ್ಟ್ ಹಾಕಲೇಬೇಕು, ಬೆಲ್ಟ್ ಮತ್ತು ಎದೆಯ ನಡುವೆ ತೆಳು ದಿಂಬು. ಏಡ್, ಕನ್ನಡಕ ಹಾಕಿರಲಿ, ಬ್ಯಾಗಿನಲ್ಲಿ ಬೇಡ.

ಮನೆಯಲ್ಲಿ ಅವರು ಮೊದಲು ಮಲಗ್ತಿದ್ದ ಜಾಗದಲ್ಲೇ ಮಲಗಿಸಿ. ಕೆಳಗೆ ಹಾಸಿಗೆ ಹಾಸಿ ಮಲಗೋ ಅಭ್ಯಾಸ ಇದ್ದರೆ ಮಾತ್ರ ಅದೇ ಕೋಣೆಗೆ ಮಂಚ ಹಾಕಿ, ನೆಲದಿಂದ ಏಳುವಾಗ ಕೈ ಊರಲೇಬೇಕಾಗುತ್ತೆ. ಮಂಚದಿಂದ ಬಚ್ಚಲಿಗೆ ಹೋಗೋ ದಾರಿಯಲ್ಲಿ ಸಣ್ಣ ಲೈಟು ರಾತ್ರಿಯಿಡೀ ಉರಿಯಲಿ, ಹೊಸ್ತಿಲ ಹತ್ತಿರದ ಮ್ಯಾಟ್ ತೆಗೆದಿಡಿ. ಮಧ್ಯಾಹ್ನ ಎರಡರ ಮೇಲೆ ಕಾಫಿ, ಟೀ ಬೇಡ. ಬೆಳಗ್ಗೆ ಸಂಜೆ ಅಂಗಳದಲ್ಲಿ ನಡಿಗೆ, ಎರಡು ಮೂರು ಕೆಜಿಗಿಂತ ಭಾರ ಆರೆಂಟು ವಾರ ಎತ್ತಬಾರದು, ನೀರಿನ ಬಿಂದಿಗೆ ಅಂತೂ ಬೇಡವೇ ಬೇಡ. ನೋಡೋಕೆ ಬರೋ ನೆಂಟರು ಸಂಜೆ ನಾಲ್ಕರಿಂದ ಆರರೊಳಗೆ ಬಂದು ಹೋಗಲಿ.

ವೃದ್ಧಾಪ್ಯ ಆರೈಕೆ

ಆಸ್ಪತ್ರೆಯಲ್ಲಿ ಗೊಂದಲ ಆಗಿದ್ದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಆ ಮಾತು ಬರೆಸಿಕೊಳ್ಳಿ, ಮುಂದೆ ಕಣ್ಣಿನ ಆಪರೇಶನ್ ಆದರೂ ಅದು ಬೇಕಾಗುತ್ತೆ. ಗೊಂದಲಕ್ಕೆ ಅಂತ ಐಸಿಯುನಲ್ಲಿ ಶುರು ಮಾಡಿದ ಮಾತ್ರೆ ಕಾರ್ಡಿನಲ್ಲಿ ಉಳಿದಿದ್ದರೆ ಎಷ್ಟು ದಿನಕ್ಕೆ ನಿಲ್ಲಿಸಬೇಕು ಅಂತ ಅಲ್ಲೇ ಕೇಳಿ. ಅದು ತಿಂಗಳುಗಟ್ಟಲೆ ಸುಮ್ಮನೆ ಮುಂದುವರಿಯೋದು ಬಹಳ. ಮರೆವು, ಮಂಕು ಕೆಲವರಲ್ಲಿ ವಾರಗಟ್ಟಲೆ ಇರುತ್ತೆ. ಅಲ್ಲಿವರೆಗೆ ಮಾತ್ರೆ, ಇನ್ಸುಲಿನ್ ಅವರ ಕೈಗೆ ಬಿಡದೆ ನೀವೇ ಕೊಡಿ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿಸೋದನ್ನು ಮುಂದಕ್ಕೆ ಹಾಕಿ. ಮೊದಲ ರಿವ್ಯೂಗೆ ಹೋಗುವಾಗ ಇವತ್ತು ಬರೆದಿಟ್ಟ ವಾರದ ಲೆಕ್ಕವನ್ನೂ ತಗೊಂಡು ಹೋಗಿ ತೋರಿಸಿ. ಮನೆಯಲ್ಲಿ ಮತ್ತೆ ಫಕ್ಕನೆ ಗೊಂದಲ ಶುರುವಾದರೆ, ಜ್ವರ, ಗಾಯದಿಂದ ಕೀವು, ದಮ್ಮು ಇದ್ದರೆ, ರಿವ್ಯೂ ದಿನಕ್ಕೆ ಕಾಯದೆ ಹತ್ತಿರದ ಆಸ್ಪತ್ರೆಗೆ ಅವತ್ತೇ ಹೋಗಿ.